ತೆರೆಯೇರುವ ಹಲಗೆಯ ಪೂರ್ವೋತ್ತರ

ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ, ಐರೋಪ್ಯರ ಹಡಗುಗಳು ಅತ್ತ ಸುಳಿಯುವುದಕ್ಕೆ ಬಹುಕಾಲ ಮೊದಲಿನಿಂದಲೂ, ಸಮುದ್ರದ ತೆರೆಯನ್ನೇರಿ ದಡದತ್ತ ಜಾರಿ ಬರುವ ಕ್ರೀಡೆಯು ಅರಸರಿಗೂ ಸಾಮಾನ್ಯರಿಗೂ, ಸ್ತ್ರೀಯರಿಗೂ ಪುರುಷರಿಗೂ ಒಂದೇ ತೆರನಾಗಿ ಪ್ರಿಯವಾಗಿದ್ದಿತು. ಆ ಕ್ರೀಡೆಗೆ ಬೇಕಾದ ಹಲಗೆಯು ಹೇಗೆ ಸಿದ್ಧವಾಗುತ್ತಿದ್ದಿತೆಂಬ ವಿವರವು, ಆ ನಾಡಿನವರ ಬಾಯಿಂದ ಕೇಳಿದುದನ್ನು ಸಂಗ್ರಹಿಸಿ 1896ರಲ್ಲಿ ಹೊನೊಲುಲುವಿನ ವಾರ್ಷಿಕವೊಂದು ಅಚ್ಚುಮಾಡಿದ ಲೇಖನದಿಂದ ನಮಗೆ ಉಳಿದು ಬಂದಿದೆ. ತಕ್ಕ ಮರವನ್ನು ಆರಿಸಿದ ಕುಶಲಕರ್ಮಿಯು ಮೊದಲು ಅದರ ಬುಡದಲ್ಲಿ ಕುಮು ಎಂಬ ಕೆಂಪು ಮೀನೊಂದನ್ನು ಇರಿಸುವನು. ಮರ ಉರುಳಿದ ಮೇಲೆ ಬೇರಿನ ಬಳಿ ಗುಂಡಿ ತೋಡಿ, ಪ್ರಾರ್ಥನೆಯನ್ನು ಪಠಿಸಿ, ತಾನು ಪಡೆದುದಕ್ಕೆ ಪ್ರತಿಯಾಗಿ ಆ ಮೀನನ್ನು ಅಲ್ಲಿಯೇ ಹೂಳುವನು. ಅನಂತರ ಕಲ್ಲಿನ ಬಾಚಿಯಿಂದ ಎರಡು ಮಗ್ಗುಲನ್ನೂ ಕೆತ್ತಿ, ಸ್ಥೂಲವಾದ ಆಕಾರ ಮೂಡಿದ ಬಳಿಕ ಅದನ್ನು ಕಡಲತೀರದ ದೋಣಿಮನೆಗೆ ಸಾಗಿಸಿ, ಹವಳದ ಕಲ್ಲಿನಿಂದಲೂ ಒರಟು ಶಿಲೆಯಿಂದಲೂ ಉಜ್ಜಿ ನಯಗೊಳಿಸಿ, ಬೇರಿನ ರಸ, ಜಜ್ಜಿದ ತೊಗಟೆ, ಬಾಳೆಯ ಮೊಗ್ಗಿನ ಸೊನೆ, ಸುಟ್ಟ ಕಾಯಿಯ ಮಸಿ ಇವುಗಳಿಂದ ಬಣ್ಣ ಕಟ್ಟಿ, ಕಡೆಗೆ ಕುಕುಯಿ ಎಂಬ ಕಾಯಿಯ ಎಣ್ಣೆಯನ್ನು ತೀಡುತ್ತಿದ್ದರು. ಆಟ ಮುಗಿದ ಪ್ರತಿಸಲವೂ ಹಲಗೆಯನ್ನು ಬಿಸಿಲಿನಲ್ಲಿ ಒಣಗಿಸಿ, ತೆಂಗಿನೆಣ್ಣೆ ಸವರಿ, ವಲ್ಕಲದಲ್ಲಿ ಸುತ್ತಿ, ಮನೆಯೊಳಗೆ ತೂಗುಹಾಕುವುದು ಪದ್ಧತಿಯಾಗಿದ್ದಿತು.

ಸರ್ಫಿಂಗ್ ಎಂದು ಲೋಕವಿಖ್ಯಾತವಾಗಿರುವ ಈ ಕ್ರೀಡೆಯ ಸಾಧನವನ್ನು ಪ್ರಕೃತಿಗೆ ಕೇಡಾಗದಂತೆ ಕಟ್ಟುವ ಬಗೆ ಯಾವುದೆಂಬ ವಿಚಾರವು ಇತ್ತೀಚಿನ ದಶಕಗಳಲ್ಲಿ ಪ್ರಬಲವಾಗಿದೆ. ಕಡಲಿನಲ್ಲಿ ತೇಲುತ್ತಿರುವಾಗ ಯಾವ ಹಲಗೆಯೂ ನಿರಪರಾಧಿಯಾಗಿಯೇ ತೋರುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ತೆರೆಯ ಬಲವೊಂದೇ ಅದಕ್ಕೆ ಇಂಧನ. ಅದರ ಒಳಿತು ಕೆಡುಕುಗಳನ್ನು ತೂಗಬೇಕಾದರೆ ಅದು ಹುಟ್ಟಿದ ಕಮ್ಮಟಕ್ಕೂ, ಮುರಿದ ಬಳಿಕ ಅದು ಬಿದ್ದಿರುವ ತಿಪ್ಪೆಗೂ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹವಾಯಿಯ ಆ ಪ್ರಾಚೀನ ಶಿಲ್ಪಿಗೆ ಇವೆರಡೂ ಕಣ್ಣೆದುರಿಗೇ ಇದ್ದವು. ಕಡಿದ ಮರದ ಬುಡವನ್ನು ಅವನು ಬಲ್ಲನು. ಹಲಗೆ ಹಳತಾಗಿ ಸೀಳಿದಾಗ ಅದು ಒಲೆಗೋ ಮಣ್ಣಿಗೋ ಸೇರುವುದನ್ನೂ ಬಲ್ಲನು. ಈ ಕಸುಬಿನ ಚರಿತ್ರೆಯೆಂದರೆ, ಅವೆರಡೂ ಆಟಗಾರನ ಕಣ್ಣಿನಿಂದ ಕ್ರಮೇಣ ಮರೆಯಾದುದರ ಚರಿತ್ರೆ.

ಮರಗಳ ವಿಷಯವನ್ನು ಕೊಂಚ ವಿಸ್ತರಿಸಿ ಹೇಳಬೇಕು. ಹವಾಯಿಯವರು ಮುಖ್ಯವಾಗಿ ಮೂರು ಮರಗಳನ್ನು ಬಳಸುತ್ತಿದ್ದರು: ಬೆಟ್ಟದ ಕಾಡಿನಲ್ಲಿ ಬೆಳೆಯುವ, ನಮ್ಮ ಜಾಲಿಯ ಕುಲಕ್ಕೆ ಸೇರಿದ ಕೋವಾ, ನಮ್ಮ ಕರಾವಳಿಯವರು ಜೀಗುಜ್ಜೆಯೆಂದು ಕರೆದು ಪೋಡಿ ಕರಿಯುವ ಕಾಯಿಯನ್ನು ಕೊಡುವ ದೀವಿಹಲಸು, ಮತ್ತು ವಿಲಿವಿಲಿ. ಕೋವಾ ಬಿಗಿಯಾದ, ತೂಕದ ಮರ. ಅದರಿಂದ ಅಲಾಯ ಎಂಬ ತೆಳುವಾದ, ಆಳುದ್ದದ ಹಲಗೆಯನ್ನು ಮಾಡುವರು. ವಿಲಿವಿಲಿಯಾದರೋ ಅತ್ಯಂತ ಹಗುರ. ಬೆಸ್ತರು ಬಲೆಯ ತೇಲುಗಟ್ಟಿಗೂ ದೋಣಿಯ ಪಕ್ಕಕ್ಕೆ ಕಟ್ಟುವ ತೇಲುಮರಕ್ಕೂ ಅದನ್ನೇ ಆರಿಸುತ್ತಿದ್ದರು. ಒಡೆಯರ ಮನೆತನದವರು ಏರುತ್ತಿದ್ದ ಓಲೋ ಎಂಬ ಮಹಾಫಲಕಕ್ಕೆ ಅದೇ ಪ್ರಶಸ್ತವೆನಿಸಿದ್ದಿತು. ಈ ವಿಲಿವಿಲಿ ನಮ್ಮ ಮಲೆನಾಡಿನವರಿಗೆ ಅಪರಿಚಿತವಲ್ಲ; ಕಾಫಿಯ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ನೆಡುವ, ಕೆಂಪು ಹೂವಿನ ಹಾಲವಾಣದ ಹತ್ತಿರದ ಬಂಧು ಅದು. ಬಾಂಧವ್ಯವು ದುಃಖದಲ್ಲಿಯೂ ಒಂದಾಯಿತು. ಎಲೆಯಲ್ಲಿಯೂ ಚಿಗುರಿನಲ್ಲಿಯೂ ಗಂಟು ಬರಿಸಿ ಗಿಡವನ್ನು ಸೊರಗಿಸುವ ಒಂದು ಸೂಕ್ಷ್ಮ ಕಣಜವು 2005ರಲ್ಲಿ ಹವಾಯಿಯನ್ನು ಹೊಕ್ಕು ವಿಲಿವಿಲಿಯ ಒಣಕಾಡುಗಳನ್ನು ಹಾಳುಗೆಡವಿತು. ಅದೇ ಕಣಜವು ಅದೇ ಸುಮಾರಿನಲ್ಲಿ ದಕ್ಷಿಣ ಭಾರತದ ಹಾಲವಾಣವನ್ನೂ ಹಿಡಿದು ಮೆಣಸಿನ ಬೆಳೆಗಾರರನ್ನು ಕಂಗೆಡಿಸಿತು. ಹವಾಯಿಯಲ್ಲಿ ಅದನ್ನು ತಿನ್ನುವ ಮತ್ತೊಂದು ಕಣಜವನ್ನು 2008ರಲ್ಲಿ ತಂದು ಬಿಟ್ಟ ಮೇಲೆ ಉಳಿದ ಮರಗಳು ಚೇತರಿಸಿಕೊಂಡವು. ಹಲಗೆಯ ಮಾತಿನ ನಡುವೆ ಕೀಟದ ಮಾತೇಕೆಂದು ಯಾರಾದರೂ ಕೇಳಿದರೆ, ಮರವೇ ಇಲ್ಲದ ಮೇಲೆ ಮರದ ಹಲಗೆಗೆ ಮರಳುವ ಮಾತಿಗೆ ಅರ್ಥವೇನೆಂದು ನಾನು ಮರಳಿ ಕೇಳುವೆನು.

1779ರಲ್ಲಿ ಕ್ಯಾಪ್ಟನ್ ಕುಕ್ಕನು ಕೆಯಲಕೆಕುವ ಕೊಲ್ಲಿಯಲ್ಲಿ ಹತನಾದ ಬಳಿಕ ಅವನ ಯಾತ್ರೆಯ ದಿನಚರಿಯನ್ನು ಮುಂದುವರಿಸಿದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್‌ನು, ಅಲ್ಲಿಯ ಜನ ಹಲಗೆಯ ಮೇಲೆ ಮಲಗಿ ಭಯಂಕರವಾದ ತೆರೆಗಳ ನಡುವೆ ಹಾಯುವುದನ್ನು ಕಂಡು ಬೆರಗಾಗಿ ಬರೆದನು. ಅನಂತರದ ನೂರು ವರ್ಷಗಳಲ್ಲಿ ಆ ಕ್ರೀಡೆ ಕ್ಷೀಣಿಸಿತು. 1820ರಲ್ಲಿ ಬಂದಿಳಿದ ಪಾದ್ರಿಗಳ ನಿಷ್ಠುರತೆಯೇ ಇದಕ್ಕೆ ಕಾರಣವೆಂದು ಹೇಳುವುದು ರೂಢಿಯಾದರೂ, ಅಪರಾಧವನ್ನೆಲ್ಲ ಅವರ ತಲೆಗೇ ಕಟ್ಟುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಹೊರಗಿನಿಂದ ಬಂದ ರೋಗಗಳಿಂದ ಜನವೇ ಅಳಿದುಹೋಯಿತು. ಕುಕ್ಕನ ಕಾಲಕ್ಕೆ ಲಕ್ಷಗಳಲ್ಲಿದ್ದ ಮೂಲನಿವಾಸಿಗಳು 1890ರ ಗಣತಿಯಲ್ಲಿ, ಮಿಶ್ರಸಂತಾನದವರನ್ನು ಸೇರಿಸಿಕೊಂಡರೂ, ಸುಮಾರು 40 ಸಾವಿರಕ್ಕೆ ಇಳಿದಿದ್ದರು. ಇನ್ನೊಂದು ಕಾರಣವು ನಮ್ಮ ನಾಡಿನವರ ಮನಸ್ಸನ್ನು ವಿಶೇಷವಾಗಿ ಮುಟ್ಟತಕ್ಕದ್ದು. ಆ ದ್ವೀಪಗಳಲ್ಲಿಯೂ ಗಂಧದ ಮರವಿದ್ದಿತು, ಮೈಸೂರಿನ ಶ್ರೀಗಂಧದ ಕುಲದ್ದೇ. ಚೀನಾದ ಕ್ಯಾಂಟನ್ನಿಗೆ ಮಾರುವ ವ್ಯಾಪಾರಿಗಳು ಒಡೆಯರಿಗೆ ಹಡಗು, ಬಟ್ಟೆ, ಬಂದೂಕುಗಳನ್ನು ಸಾಲವಾಗಿ ಕೊಟ್ಟು ಗಂಧವನ್ನು ಕೇಳಿದರು. ಒಡೆಯರು ಪ್ರಜೆಗಳನ್ನು ಬೆಟ್ಟಕ್ಕೆ ಅಟ್ಟಿದರು. ಹಡಗಿನ ಒಡಲಿನ ಅಳತೆಗೆ ಸರಿಯಾಗಿ ತೋಡಿ, ತುಂಬಿದಾಗ ಒಂದು ಹಡಗಿನ ಸರಕಾಯಿತೆಂದು ಎಣಿಸುತ್ತಿದ್ದ ಹಳ್ಳವೊಂದು ಮೊಲೊಕಾಯಿ ದ್ವೀಪದಲ್ಲಿ ಈಗಲೂ ಕಾಣಸಿಗುತ್ತದೆ. 1826ರ ಕೊನೆಯಲ್ಲಿ ಹೊರಟ ಶಾಸನವು ಪ್ರತಿಯೊಬ್ಬ ಪುರುಷನೂ ಅರ್ಧ ಪಿಕುಲ್, ಎಂದರೆ ಸುಮಾರು 30 ಕಿಲೋಗ್ರಾಮ್ ಗಂಧವನ್ನು ಅಥವಾ ನಾಲ್ಕು ಸ್ಪ್ಯಾನಿಷ್ ಡಾಲರುಗಳನ್ನು ತೆರಿಗೆಯಾಗಿ ತೆರಬೇಕೆಂದಿತು. ಬೇಸಾಯವನ್ನೂ ಮೀನುಗಾರಿಕೆಯನ್ನೂ ಬಿಟ್ಟು ಚಳಿಯ ಬೆಟ್ಟದಲ್ಲಿ ಮರ ಹೊತ್ತ ಜನಕ್ಕೆ ತೆರೆಯೇರುವ ವಿರಾಮವೆಲ್ಲಿಂದ ಬರಬೇಕು?

ಈ ಸಂದರ್ಭದಲ್ಲಿ ಪೆರು ದೇಶದ ಉತ್ತರ ತೀರದ ಹುವಾಂಚಾಕೊ ಎಂಬ ಊರನ್ನು ಸ್ಮರಿಸದೆ ಮುಂದುವರಿಯಲಾರೆ. ಅಲ್ಲಿಯ ಬೆಸ್ತರು ಟೊಟೋರ ಎಂಬ ಜೊಂಡನ್ನು ಕಟ್ಟುಕಟ್ಟಿ, ಮೂತಿ ಮೇಲೆತ್ತಿದ ಕಿರುದೋಣಿಗಳನ್ನು ಮಾಡಿ, ಮೀನು ಹಿಡಿದು ಮರಳುವಾಗ ತೆರೆಯ ಬೆನ್ನೇರಿ ದಡಕ್ಕೆ ಬರುವರು. ಮೋಚೆ ಜನಾಂಗದವರ ಪ್ರಾಚೀನ ಮಡಕೆಗಳ ಮೇಲೆ ಈ ಬಗೆಯ ಜೊಂಡಿನ ದೋಣಿಗಳ ರೂಪಗಳಿವೆ. ಜೊಂಡು ನೀರು ಕುಡಿದು ಬೇಗ ಭಾರವಾಗುವುದರಿಂದ ದೋಣಿಯನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟಬೇಕಾಗುತ್ತದೆ. ಆದಕಾರಣ ಊರಿನ ಪಕ್ಕದಲ್ಲಿಯೇ ಹೊಂಡಗಳನ್ನು ತೋಡಿ ಜೊಂಡನ್ನು ಬೆಳೆಸಿಕೊಳ್ಳುವರು. ಹೊಂಡ ಬತ್ತಿದರೆ ದೋಣಿಯಿಲ್ಲ ಎಂಬಷ್ಟು ನೇರವಾದ ನಂಟು ಅದು.

ಹವಾಯಿಯ ಕ್ರೀಡೆಯು ಅಮೆರಿಕದ ಖಂಡಕ್ಕೆ ದಾಟಿದುದು 1885ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ವ್ಯಾಸಂಗ ಮಾಡುತ್ತಿದ್ದ ಹವಾಯಿಯ ಮೂವರು ರಾಜಕುಮಾರರು ಸಾಂತಾ ಕ್ರೂಜ್‌ನ ಸಾನ್ ಲೊರೆಂಜೊ ನದೀಮುಖದಲ್ಲಿ, ಅಲ್ಲಿಯ ರೆಡ್‌ವುಡ್ ಮರದಿಂದ ಕೊಯ್ಯಿಸಿದ ಹಲಗೆಗಳ ಮೇಲೆ ತೆರೆಯೇರಿ ತೋರಿಸಿದರು. ಜಾರ್ಜ್ ಫ್ರೀತ್ ಎಂಬ ಹವಾಯಿಯ ತರುಣನು 1907ರಲ್ಲಿ ಅಲ್ಲಿಗೆ ಬಂದು ಅದನ್ನು ಜನಪ್ರಿಯಗೊಳಿಸಿದನು. ಆದರೆ ರೆಡ್‌ವುಡ್ ಹಲಗೆಯು 45 ಕಿಲೋಗ್ರಾಮ್‌ವರೆಗೆ ತೂಗುತ್ತಿದ್ದುದರಿಂದ, ಅದನ್ನು ನೀರಿಗೆ ಸಾಗಿಸುವುದೇ ಬಲಿಷ್ಠರ ಕೆಲಸವಾಗಿದ್ದಿತು. ಟಾಮ್ ಬ್ಲೇಕ್ ಎಂಬ ಅಮೆರಿಕದ ಆಟಗಾರನು 1920ರ ದಶಕದಲ್ಲಿ ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿದ್ದ, ಪಾಕಿ ಎಂಬ ಒಡೆಯನ ಪುರಾತನ ಓಲೋ ಹಲಗೆಗಳನ್ನು ದುರಸ್ತಿ ಮಾಡುತ್ತ ಅವುಗಳ ಗುಟ್ಟನ್ನು ಅರಿತುಕೊಂಡನು. ಅದೇ ಆಕಾರದ ಹಲಗೆಯ ಮೈತುಂಬ ರಂಧ್ರಗಳನ್ನು ಕೊರೆದು, ದೀರ್ಘಕಾಲ ಒಣಗಿಸಿ, ಮೇಲೆ ತೆಳುಹಲಗೆಯನ್ನು ಅಂಟಿಸಿದನು. ಮುಂದೆ ವಿಮಾನದ ರೆಕ್ಕೆಯೊಳಗಿನ ಹಂದರದಂತಹ ಅಡ್ಡಪಟ್ಟಿಗಳನ್ನಿಟ್ಟು ಟೊಳ್ಳಾದ ಹಲಗೆಯನ್ನು ರಚಿಸಿ 1932ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಇವನನ್ನು ನಾನು ಈ ಕಸುಬಿನ ಮಹಾಪುರುಷರಲ್ಲಿ ಒಬ್ಬನೆಂದು ಗೌರವಿಸುತ್ತೇನೆ. ವಿಷವನ್ನು ಬೆರೆಸದೆ, ಮರವನ್ನು ಕಡಮೆ ಮಾಡಿ ಗಾಳಿಯನ್ನು ಹೆಚ್ಚಿಸಿ ಅವನು ತೂಕವನ್ನು ಇಳಿಸಿದನು. ಆ ದಾರಿ ಹಾಗೆಯೇ ಮುಂದುವರಿದಿದ್ದರೆ ಚರಿತ್ರೆ ಬೇರೆಯಾಗುತ್ತಿದ್ದಿತು.

ಅದು ಮುಂದುವರಿಯದಂತೆ ತಡೆದುದು ಎರಡನೆಯ ಮಹಾಯುದ್ಧ. ಈಕ್ವಡಾರಿನ ಬಾಲ್ಸಾ ಮರವು ಯುದ್ಧವಿಮಾನಕ್ಕೂ ಜೀವರಕ್ಷಕ ತೆಪ್ಪಕ್ಕೂ ಬಳಕೆಯಾಗಿ ಎಲ್ಲರಿಗೂ ಪರಿಚಿತವಾಯಿತು. ಗಾಜಿನ ನೂಲಿನ ಬಟ್ಟೆ ಮತ್ತು ಪಾಲಿಯೆಸ್ಟರ್ ರಾಳ ಎಂಬ ಜೋಡಿಯು ಸೈನ್ಯದ ಕಾರ್ಖಾನೆಗಳಿಂದ ಪೇಟೆಗೆ ಬಂದಿತು. ಬಾಲ್ಸಾ ಹಗುರ, ಆದರೆ ನೀರನ್ನು ಹೀರುವುದು. ಗಾಜಿನ ಬಟ್ಟೆಯನ್ನು ಹೊದಿಸಿ ರಾಳವನ್ನು ಬಳಿದರೆ ಆ ದೋಷ ನೀಗುವುದು. ಗಣಿತಜ್ಞನ ಬುದ್ಧಿಯ ಬಾಬ್ ಸಿಮನ್ಸ್ ಎಂಬವನು ದೋಣಿಯ ತಳದ ಚಲನಶಾಸ್ತ್ರವನ್ನು ಹಲಗೆಗೆ ಅನ್ವಯಿಸಿ, 1949ರ ಸುಮಾರಿನಲ್ಲಿ ಮರದ ಬದಲು ಪಾಲಿಸ್ಟೈರೀನ್ ಫೋಮನ್ನು ಒಳಗಿಟ್ಟು ನೋಡಿದನು. ಪಾಲಿಯೆಸ್ಟರ್ ರಾಳವು ತಾಕಿದೊಡನೆ ಆ ಫೋಮ್ ಕರಗಿಹೋಗುತ್ತಿದ್ದುದರಿಂದ ಅವನು ಸುತ್ತಲೂ ಪ್ಲೈವುಡ್ಡಿನ ಕವಚವನ್ನು ತೊಡಿಸಬೇಕಾಯಿತು. ಈ ಒಂದು ರಾಸಾಯನಿಕ ವಿರೋಧವೇ ಮುಂದಿನ ಐವತ್ತು ವರ್ಷಗಳ ಗತಿಯನ್ನು ನಿರ್ಣಯಿಸಿತೆಂದರೆ ತಪ್ಪಾಗದು. ಏಕೆಂದರೆ ಅಗ್ಗದ ಆ ರಾಳಕ್ಕೆ ಕರಗದ ಮತ್ತೊಂದು ಫೋಮನ್ನು ಎಲ್ಲರೂ ಅರಸತೊಡಗಿದರು, ಅದು ಪಾಲಿಯುರಿಥೇನ್ ರೂಪದಲ್ಲಿ ದೊರಕಿತು.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತು ಗೋರ್ಡನ್ ಕ್ಲಾರ್ಕ್ ಎಂಬಿಬ್ಬರು 1958ರ ವೇಳೆಗೆ ಈ ಫೋಮಿನ ಹಲಗೆಯನ್ನು ಮಾರಾಟಕ್ಕೆ ತಂದರು. ಎರಡು ದ್ರವಗಳನ್ನು ಬೆರೆಸಿ ಅಚ್ಚಿನೊಳಗೆ ಸುರಿದರೆ, ಅವು ತಮ್ಮಷ್ಟಕ್ಕೆ ಬಿಸಿಯಾಗಿ, ಹುದುಗು ಬಂದ ದೋಸೆಹಿಟ್ಟಿನಂತೆ ಉಬ್ಬಿ, ಅಚ್ಚನ್ನು ತುಂಬಿ ಗಟ್ಟಿಯಾಗುವುವು. ಅದನ್ನು ಉದ್ದಕ್ಕೆ ಸೀಳಿ ನಡುವೆ ಮರದ ಪಟ್ಟಿಯೊಂದನ್ನು ಅಂಟಿಸುವರು. ಹವಾಯಿಯ ವನಸಂಪತ್ತಿನ ವಂಶದಲ್ಲಿ ಉಳಿದುದು ಆ ಒಂದು ಪಟ್ಟಿ ಮಾತ್ರ. ಮರುವರ್ಷವೇ ತೆರೆಯೇರುವ ಹುಡುಗಿಯೊಬ್ಬಳ ಕಥೆಯ ಚಲನಚಿತ್ರ ‘ಗಿಡ್ಜೆಟ್’ ಬಂದು ಸಾವಿರಾರು ಯುವಕ ಯುವತಿಯರನ್ನು ಕಡಲಿಗೆ ಎಳೆಯಿತು. ಬಡಗಿ ವಾರಗಟ್ಟಲೆ ಕೆತ್ತುತ್ತಿದ್ದ ವಸ್ತುವನ್ನು ವಿದ್ಯುತ್ತಿನ ಕೀಸುಳಿಯಿಂದ ಕೆಲವೇ ಗಂಟೆಗಳಲ್ಲಿ ರೂಪಿಸುವುದು ಸಾಧ್ಯವಾಯಿತು. ತೂಕವು ಮರದ ಕಾಲದ ನಾಲ್ಕನೆಯ ಒಂದು ಪಾಲಿಗೆ ಇಳಿದು, ಎಳೆಯರೂ ಕೃಶಕಾಯರೂ ಈ ಆಟಕ್ಕೆ ಬರುವಂತಾಯಿತು. ಈ ಉಪಕಾರವನ್ನು ಮರೆಮಾಚಿ ಫೋಮನ್ನು ನಿಂದಿಸುವುದು ಅಪ್ರಾಮಾಣಿಕತೆಯಾದೀತು.

ಆದರೆ ಆ ಎರಡು ದ್ರವಗಳಲ್ಲೊಂದು ಟಾಲ್ವೀನ್ ಡೈಐಸೋಸಯನೇಟ್. ಐಸೋಸಯನೇಟ್ ಎಂಬ ಹೆಸರನ್ನು ಭಾರತೀಯರು ಮರೆಯಲಾರರು. 1984ರ ಡಿಸೆಂಬರಿನಲ್ಲಿ ಭೋಪಾಲದ ಮೇಲೆ ಮುಸುಕಿದುದು ಆ ಕುಲದ ಮತ್ತೊಂದು, ಇದಕ್ಕಿಂತ ಉಗ್ರವಾದ ವಸ್ತು. ಹಲಗೆಯ ಕಾರ್ಖಾನೆಯಲ್ಲಿ ಅಂತಹ ಮಹಾದುರಂತ ನಡೆಯದಿದ್ದರೂ, ಈ ಆವಿಯನ್ನು ಉಸಿರಾಡಿದವನ ಶ್ವಾಸಕೋಶವು ಒಮ್ಮೆ ಅದಕ್ಕೆ ಸೂಕ್ಷ್ಮಗ್ರಾಹಿಯಾಯಿತೆಂದರೆ, ಆಮೇಲೆ ಲೇಶಮಾತ್ರವೂ ಉಬ್ಬಸವನ್ನು ತರಬಲ್ಲದು. ಹೊದಿಕೆಯ ಪಾಲಿಯೆಸ್ಟರ್ ರಾಳದಿಂದ ಸ್ಟೈರೀನಿನ ಘಾಟು ಏಳುವುದು. ಕೀಸುವಾಗಲೂ ಉಪ್ಪುಕಾಗದದಿಂದ ಉಜ್ಜುವಾಗಲೂ ಫೋಮಿನ ಹುಡಿ ಮತ್ತು ಗಾಜಿನ ಧೂಳು ಕೋಣೆಯನ್ನೆಲ್ಲ ತುಂಬುವುವು. ಕೈ ತೊಳೆಯಲು ಅಸಿಟೋನ್. ನಿರ್ಮಲವಾದ ಕಡಲಿನ ಸ್ತುತಿ ಮಾಡುವ ಕ್ರೀಡೆಯೊಂದು ತನ್ನ ಕುಶಲಕರ್ಮಿಗಳನ್ನು ಕಿಟಕಿ ಮುಚ್ಚಿದ ಕೊಠಡಿಗಳಲ್ಲಿ ದಶಕಗಳ ಕಾಲ ಹೀಗೆ ಕೂಡಿಹಾಕಿತೆಂಬುದು ನನ್ನನ್ನು ವ್ಯಥೆಗೊಳಿಸುತ್ತದೆ. ಪರಿಸರವೆಂದರೆ ಹವಳದ ದಿಬ್ಬ, ಆಮೆ, ತಿಮಿಂಗಿಲ ಮಾತ್ರವೇ? ಆ ಕೊಠಡಿಯೊಳಗಿನ ಮನುಷ್ಯನ ಶ್ವಾಸವೂ ಪರಿಸರವೇ ಅಲ್ಲವೇ?

ಗೋರ್ಡನ್ ಕ್ಲಾರ್ಕ್‌ನು 1961ರಲ್ಲಿ ಸ್ಥಾಪಿಸಿದ ಕ್ಲಾರ್ಕ್ ಫೋಮ್ ಕಾರ್ಖಾನೆಯು ಅಮೆರಿಕದ ಹಲಗೆ ಮಾಡುವವರಿಗೆ ಬೇಕಾದ ಫೋಮಿನ ಬಹುಭಾಗವನ್ನು ಒದಗಿಸುತ್ತಿದ್ದಿತು. 2005ನೆಯ ಡಿಸೆಂಬರ್ 5, ಸೋಮವಾರ, ಯಾವ ಮುನ್ಸೂಚನೆಯೂ ಇಲ್ಲದೆ ಅವನು ಅದನ್ನು ಮುಚ್ಚಿಬಿಟ್ಟನು. ಗಿರಾಕಿಗಳಿಗೆ ಕಳುಹಿಸಿದ ದೀರ್ಘಪತ್ರದಲ್ಲಿ, ತಾನು ಬಳಸುತ್ತಿದ್ದ ರಾಸಾಯನಿಕದ ಬಗೆಗೆ ಸರ್ಕಾರಿ ಅಧಿಕಾರಿಗಳ ನಿಗ್ರಹವನ್ನೂ, ಅಸ್ವಸ್ಥರಾದ ಕೆಲಸಗಾರರ ದಾವೆಗಳನ್ನೂ ಪ್ರಸ್ತಾಪಿಸಿದನು, ಅಚ್ಚುಗಳನ್ನು ಒಡೆಸಿಹಾಕಿದನು. ಒಂದೇ ಮೂಲವನ್ನು ನಂಬಿದ್ದ ಉದ್ಯಮವೆಲ್ಲ ತತ್ತರಿಸಿತು, ಬೆಲೆಗಳು ಏರಿದವು. ಆ ಸಂಕಟದಿಂದಲೇ, ಅದುವರೆಗೆ ಕೆಲವರ ಹವ್ಯಾಸವೆಂದು ಬದಿಗಿರಿಸಿದ್ದ ಪರ್ಯಾಯಗಳನ್ನು ಎಲ್ಲರೂ ತಿರುಗಿ ನೋಡುವಂತಾಯಿತು.

ಅವುಗಳಲ್ಲಿ ಹೆಚ್ಚು ಬಳಕೆಗೆ ಬಂದುದು, ಸಿಮನ್ಸ್ ಪ್ಲೈವುಡ್ಡಿನ ಕವಚದೊಳಗೆ ಅಡಗಿಸಬೇಕಾಗಿ ಬಂದ ಪಾಲಿಸ್ಟೈರೀನ್. ಎಪಾಕ್ಸಿ ರಾಳವು ಅದನ್ನು ಕರಗಿಸುವುದಿಲ್ಲ. ಆ ರಾಳದಿಂದ ಸ್ಟೈರೀನಿನ ಘಾಟೂ ಏಳುವುದಿಲ್ಲ. ಚರ್ಮಕ್ಕೆ ತಾಕಿದರೆ ತುರಿಯನ್ನು ತರುವುದಾದ್ದರಿಂದ ಅದನ್ನು ಸಂಪೂರ್ಣ ಸಾಧುವೆನ್ನಲಾಗದು. ಕಾಗದದ ತಿರುಳಿನ ಉದ್ಯಮ ಮೊದಲಾದವುಗಳ ಉಳಿಕೆಯಿಂದ ಎಪಾಕ್ಸಿಯ ಒಂದಂಶವನ್ನು ತಯಾರಿಸುವುದೂ, ಟೆಲಿವಿಷನ್ ಪೆಟ್ಟಿಗೆಯೊಳಗೆ ಬರುವ ಬಿಳಿಯ ಫೋಮಿನ ತುಂಡುಗಳನ್ನು ಕೂಡಿಸಿ ಮತ್ತೆ ಹಲಗೆಯ ಒಡಲಾಗಿಸುವುದೂ 2010ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವ್ಯವಸ್ಥಿತವಾಗಿ ನಡೆದವು. 2015ರಲ್ಲಿ ಸಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪಾಚಿಯ ಎಣ್ಣೆಯಿಂದ ಪಾಲಿಯುರಿಥೇನ್ ಹಲಗೆಯೊಂದನ್ನು ಮಾಡಿಸಿ ನಗರದ ಮೇಯರಿಗೆ ಅರ್ಪಿಸಿದರು. ಸಾಧನೆ ಶ್ಲಾಘ್ಯವೇ, ಆದರೆ ಪಾಚಿಯ ಎಣ್ಣೆಯಿಂದ ಬಂದುದು ಎರಡು ದ್ರವಗಳಲ್ಲಿ ಪಾಲಿಯಾಲ್ ಎಂಬ ಸಾಧುವಾದುದು ಮಾತ್ರ, ಐಸೋಸಯನೇಟ್ ಹಿಂದಿನಂತೆ ಪೆಟ್ರೋಲಿಯಮ್ಮಿನಿಂದಲೇ ಬಂದಿತು. ಅದನ್ನೂ ಸಸ್ಯಮೂಲದಿಂದ ಪಡೆಯುವ ಸಂಶೋಧನೆಯನ್ನು ಅವರೇ ಮುಂದುವರಿಸಿದುದು, ಎಲ್ಲಿ ನೋವಿದೆಯೋ ಅಲ್ಲಿಯೇ ಕೈಯಿಟ್ಟಂತಾಯಿತು.

ಮರದ ಕಡೆಗೆ ತಿರುಗಿದವರೂ ಉಂಟು. ಅಮೆರಿಕದ ಈಶಾನ್ಯದ ಮೇಯ್ನ್ ಪ್ರಾಂತದಲ್ಲಿ, ಕ್ಲಾರ್ಕ್ ಕಾರ್ಖಾನೆ ಮುಚ್ಚಿದ ವರ್ಷವೇ ಆರಂಭವಾದ ಗ್ರೇನ್ ಎಂಬ ಸಂಸ್ಥೆಯು, ದೋಣಿ ಕಟ್ಟುವವರ ವಿದ್ಯೆಯನ್ನು ಬಳಸಿ ಬಿಳಿ ಸೀಡರ್ ಮರದ ಪಟ್ಟಿಗಳಿಂದ ಟೊಳ್ಳು ಹಲಗೆಗಳನ್ನು ಕಟ್ಟುತ್ತಿದೆ. ಬ್ಲೇಕ್‌ನ ಹಂದರದ ಮನೆತನ ಅದು. ಟಾಮ್ ವೆಗೆನರ್ ಎಂಬ ಕುಶಲಕರ್ಮಿಯು ಬಿಷಪ್ ಸಂಗ್ರಹಾಲಯದ ಅಲಾಯ ಹಲಗೆಗಳನ್ನು ಅಭ್ಯಾಸಮಾಡಿ, ಆಸ್ಟ್ರೇಲಿಯದಲ್ಲಿ ಪೌಲೋನಿಯ ಎಂಬ ಶೀಘ್ರವಾಗಿ ಬೆಳೆಯುವ ಮರದಿಂದ ಅವುಗಳ ಸಂತತಿಯನ್ನು ಪುನರುಜ್ಜೀವಿಸಿದನು. ಆ ಮರಕ್ಕೆ ಉಪ್ಪುನೀರು ಅಷ್ಟಾಗಿ ಇಳಿಯದು. ಗಾಜು ಬೇಡ, ರಾಳ ಬೇಡ, ಎಣ್ಣೆ ಹಚ್ಚಿದರೆ ಸಾಕು. ತಳದಲ್ಲಿ ಈಜುರೆಕ್ಕೆಯಿಲ್ಲದ ಆ ತೆಳುಹಲಗೆಯು ಅತ್ಯಂತ ಚಪಲವಾದುದು. ಫೋಮಿನ ಮೇಲೆ ಪಳಗಿದ ನಿಪುಣನೂ ಅದರ ಮೇಲೆ ಹೊಸಬನಾಗುವನು. ಸಾನ್ ಡಿಯೇಗೊದ ಗ್ಯಾರಿ ಲಿಂಡನ್‌ನಾದರೋ ಕತ್ತಾಳೆಯನ್ನು ಆರಿಸಿಕೊಂಡನು. ಜೀವಮಾನದಲ್ಲಿ ಒಂದೇ ಸಲ ಹೂಬಿಟ್ಟು ಸಾಯುವ ಆ ಗಿಡದ ಒಣಗಿದ ಹೂದಿಂಡುಗಳನ್ನು ಕೂಡಿಸಿ, ಸೀಳಿ, ಅಂಟಿಸಿ, ಬಾಲ್ಸಾದಂತೆ ಹಗುರವಾದ ಹಲಗೆಗಳನ್ನು ಅವನು ಕಡೆದನು. ಇದರಲ್ಲಿ ಯಾವ ಮರವನ್ನೂ ಕಡಿಯಬೇಕಾದುದಿಲ್ಲ. ಬಾಲ್ಸಾಕ್ಕೆ ಆ ಭಾಗ್ಯವಿಲ್ಲ. ಗಾಳಿಯಂತ್ರದ ಅಲಗುಗಳಿಗಾಗಿ 2020ರ ಸುಮಾರಿನಲ್ಲಿ ಅದರ ಬೇಡಿಕೆ ಏರಿ, ಈಕ್ವಡಾರಿನ ಆದಿವಾಸಿಗಳ ನದೀತೀರಗಳು ಬೋಳಾದವು. ಹಸುರು ಇಂಧನದ ಹೆಸರಿನಲ್ಲಿ ಹಸುರೇ ಬರಿದಾಗುವ ಈ ವಿಪರ್ಯಾಸವನ್ನು ಮರದ ಪಕ್ಷಪಾತಿಗಳಾದ ನಾವೂ ಮರೆಯಬಾರದು.

ನಮ್ಮ ಕರಾವಳಿಯ ಮೂಲ್ಕಿಯಲ್ಲಿ, ಶಾಂಭವಿ ನದಿಯ ಬಳಿಯ ಆಶ್ರಮವೊಂದರಿಂದ ಈ ಕ್ರೀಡೆ ಈ ಶತಮಾನದ ಮೊದಲ ದಶಕದಲ್ಲಿ ಬೇರೂರಿ, ಸಸಿಹಿತ್ಲುವಿನ ಮರಳ ದಂಡೆಯಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆಯುವಷ್ಟರ ಮಟ್ಟಿಗೆ ಬೆಳೆದಿದೆ. ಬೆಸ್ತರ ಮಕ್ಕಳು ಅಲ್ಲಿ ಪ್ರವೀಣರಾಗಿದ್ದಾರೆ. ಹೊಸದಾಗಿ ಕಲಿಯುವವರು ಹಲಗೆಯ ಆಯ್ಕೆಯ ವಿಷಯದಲ್ಲಿ ಮೊದಲು ಕೇಳಬೇಕಾದುದು ಅದು ಎಷ್ಟು ವರ್ಷ ಬಾಳುವುದೆಂಬ ಪ್ರಶ್ನೆಯನ್ನು. ಸ್ಪರ್ಧೆಯ ಪಟುಗಳಿಗೆಂದು ಅತಿ ತೆಳುವಾದ ಗಾಜಿನ ಹೊದಿಕೆಯಿಂದ ಮಾಡಿದ, ಮೂರು ಕಿಲೋಗ್ರಾಮ್ ತೂಗುವ ಹಲಗೆಯು ಒಂದೆರಡು ಋತುಗಳಲ್ಲಿ ಮುರಿದು ಬೀಳುವುದಾದರೆ, ಅದರೊಳಗೆ ಪಾಚಿಯ ಎಣ್ಣೆ ಇದ್ದರೂ ಅದು ದುಂದು. ದಪ್ಪ ಹೊದಿಕೆಯ ಸಾಧಾರಣ ಫೋಮ್ ಹಲಗೆಯು ಕೈಯಿಂದ ಕೈಗೆ ದಾಟುತ್ತ, ಬಿರುಕು ಬಿಟ್ಟಾಗ ತೇಪೆ ಹಾಕಿಸಿಕೊಳ್ಳುತ್ತ ಇಪ್ಪತ್ತು ವರ್ಷ ಬಾಳಿದರೆ ಅದು ಮಿತವ್ಯಯ.

ಹವಾಯಿಯ ಮಹಾಈಜುಗಾರ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಡ್ಯೂಕ್ ಕಹನಮೋಕುವು 1914ರ ಕೊನೆಯಲ್ಲಿ ಸಿಡ್ನಿಗೆ ಹೋದಾಗ, ತನ್ನ ಹಲಗೆಯನ್ನು ಜೊತೆಗೆ ಒಯ್ದಿರಲಿಲ್ಲ. ಅಲ್ಲಿಯ ಮರದಂಗಡಿಯಿಂದ ಶುಗರ್ ಪೈನ್ ಮರವನ್ನು ಕೊಂಡು, ತಾನೇ ಕಡೆದು, ಫ್ರೆಶ್‌ವಾಟರ್ ಎಂಬ ದಂಡೆಯಲ್ಲಿ ನೆರೆದ ಜನರೆದುರು ತೆರೆಯೇರಿ ತೋರಿಸಿದನು. ಹೊರಡುವಾಗ ಅದನ್ನು ಕ್ಲಾಡ್ ವೆಸ್ಟ್ ಎಂಬ ತರುಣನಿಗೆ ಕೊಟ್ಟನು. ವೆಸ್ಟ್‌ನು ಅದನ್ನು ಎಷ್ಟೋ ವರ್ಷ ಬಳಸಿ, ಮುಂದೆ ಆ ದಂಡೆಯ ಜೀವರಕ್ಷಕರ ಸಂಘಕ್ಕೆ ಒಪ್ಪಿಸಿದನು. ಶುಗರ್ ಪೈನ್ ಆಸ್ಟ್ರೇಲಿಯದ ಮರವಲ್ಲ, ಅಮೆರಿಕದ ಪಶ್ಚಿಮದ ಬೆಟ್ಟಗಳದ್ದು. ಆ ದಿಮ್ಮಿಯೂ ಹಡಗಿನಲ್ಲಿ ಸಾಗರವನ್ನು ದಾಟಿಯೇ ಬಂದಿರಬೇಕು. ಕಡೆದು ನೂರು ವರ್ಷಗಳು ಮೀರಿದ ಮೇಲೂ ಆ ಹಲಗೆಯು ಫ್ರೆಶ್‌ವಾಟರಿನ ಸಂಘದ ಮನೆಯಲ್ಲಿ ಇಡಿಯಾಗಿಯೇ ಇದೆ.